ಓದುಗರನ್ನು ಕೊಡಿ: ಪಶ್ಚಿಮ ಬೆಂಗಳೂರಿನ ಪತ್ರಿಕೋದ್ಯಮ ವಿದ್ಯಾರ್ಥಿಗಳ ಹಕ್ಕೊತ್ತಾಯ ಪತ್ರ

ಇವರಿಗೆ: ಉನ್ನತ ಶಿಕ್ಷಣ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರಿನ ವಿಶ್ವವಿದ್ಯಾಲಯಗಳ ಕುಲಪತಿಗಳು ಮತ್ತು ಪತ್ರಿಕೋದ್ಯಮ ಅಧ್ಯಯನ ಮಂಡಳಿಗಳು, ನಮ್ಮ ಕಾಲೇಜುಗಳ ಪ್ರಾಂಶುಪಾಲರು ಮತ್ತು ಆಡಳಿತ ಮಂಡಳಿಗಳು, ಕರ್ನಾಟಕ ಮಾಧ್ಯಮ ಅಕಾಡೆಮಿ, ಕನ್ನಡ ಪತ್ರಿಕೆ ಹಾಗೂ ವಾಹಿನಿಗಳ ಸಂಪಾದಕರು.

ಇವರಿಂದ: ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಸುತ್ತಿನ ಕಾಲೇಜುಗಳಲ್ಲಿ ಮತ್ತು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಪತ್ರಿಕೋದ್ಯಮ, ಸಮೂಹ ಸಂವಹನ ಓದುತ್ತಿರುವವರು.

ಮಾನ್ಯರೇ,

ಮೂರು ವರ್ಷದ ಪತ್ರಿಕೋದ್ಯಮ ಪದವಿ ಮುಗಿಯುವ ಹೊತ್ತಿಗೆ ನಾವು ಒಬ್ಬೊಬ್ಬರೂ ನೂರಾರು ಪುಟ ಬರೆದಿರುತ್ತೇವೆ. ಅಸೈನ್‌ಮೆಂಟು, ರೆಕಾರ್ಡ್ ಬುಕ್ಕು, ಪ್ರಾಜೆಕ್ಟ್ ವರದಿ, ಆರು ಸೆಮಿಸ್ಟರಿನ ಉತ್ತರ ಪತ್ರಿಕೆ. ಇಷ್ಟನ್ನೂ ಓದುವವರು ಇಬ್ಬರೇ: ಪಾಠ ಮಾಡಿದ ಮೇಷ್ಟ್ರು, ಪ್ರಾಕ್ಟಿಕಲ್‌ಗೆಂದು ಹೊರಗಿನಿಂದ ಬರುವ ಪರೀಕ್ಷಕರು. ಅವರು ಓದಲೇಬೇಕು, ಅದಕ್ಕೇ ಓದುತ್ತಾರೆ. ಪತ್ರಿಕೆಯ ಓದುಗ ಹಾಗಲ್ಲ. ಬೇಸರವಾದರೆ ಪುಟ ತಿರುಗಿಸುತ್ತಾನೆ. ಅವನ ಬೀದಿಯ ಹೆಸರು ತಪ್ಪಾಗಿದ್ದರೆ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿ ಜಾಡಿಸುತ್ತಾನೆ. ಒಳ್ಳೆಯದು ಬರೆದರೆ ಸುಮ್ಮನಿರುತ್ತಾನೆ. ಅಂಥ ಒಬ್ಬ ಓದುಗನೂ ಎದುರಾಗದೆ ಪತ್ರಿಕೋದ್ಯಮದ ಪದವಿ ನಮ್ಮ ಕೈಗೆ ಬಂದುಬಿಡುತ್ತದೆ. ನಮ್ಮ ತಕರಾರು ಇಷ್ಟೇ. ಕೆಳಗಿನ ಬೇಡಿಕೆಗಳೆಲ್ಲ ಇದರಿಂದ ಹುಟ್ಟಿದವು.

ಪತ್ರಿಕೋದ್ಯಮ ಕ್ಲಾಸಿನಲ್ಲಿ ಕಲಿಯುವ ವಿದ್ಯೆಯೇ ಅಲ್ಲ ಎನ್ನುವ ಹಿರಿಯರಿದ್ದಾರೆ. ಡಿ.ವಿ. ಗುಂಡಪ್ಪನವರು ಯಾವ ಪದವಿಯೂ ಇಲ್ಲದೆ ಪತ್ರಿಕೆ ನಡೆಸಿದರು, ಪಿ. ಲಂಕೇಶ್ ಇಂಗ್ಲಿಷ್ ಮೇಷ್ಟ್ರ ಕೆಲಸ ಬಿಟ್ಟು ಬಂದು 1980ರಲ್ಲಿ ವಾರಪತ್ರಿಕೆ ಶುರುಮಾಡಿದರು ಎಂದು ಉದಾಹರಣೆ ಕೊಡುತ್ತಾರೆ. ನಿಜ, ಒಪ್ಪೋಣ. ಆದರೆ ಅವರಿಬ್ಬರಿಗೂ ಮೊದಲ ಸಂಚಿಕೆಯಿಂದಲೇ ಓದುಗರಿದ್ದರು. ಅವರನ್ನು ತಿದ್ದಿದ್ದು ಆ ಓದುಗರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮವನ್ನು ಪದವಿಯ ವಿಷಯವಾಗಿ ಕಲಿಸಲು ತೊಡಗಿದ್ದು 1951ರಲ್ಲಿ. ಏಳು ದಶಕ ದಾಟಿದ ಮೇಲೂ ಈ ವಿಷಯ ಬೇಕೆ ಬೇಡವೆ ಎಂದು ಜಗ್ಗಾಡುವುದರಲ್ಲಿ ಹುರುಳಿಲ್ಲ. ಹೇಗೆ ಕಲಿಸಬೇಕು ಎಂಬುದರ ಬಗ್ಗೆ ಮಾತಾಡೋಣ.

ಪಶ್ಚಿಮ ಬೆಂಗಳೂರನ್ನು ಹೆಸರಿಸಿ ಬರೆಯಲು ಕಾರಣವಿದೆ. ಹಳೆಯ ದೊಡ್ಡ ಪತ್ರಿಕೆಗಳ ಕಚೇರಿಗಳು ಎಂ.ಜಿ. ರಸ್ತೆ, ಕ್ವೀನ್ಸ್ ರಸ್ತೆಯ ಕಡೆ. ಕಾರ್ಡ್ ರಸ್ತೆಯಿಂದ ಈಚೆಗೆ ವರದಿಗಾರರು ಧಾವಿಸಿ ಬರುವುದು ಮಳೆನೀರು ಮನೆಗೆ ನುಗ್ಗಿದಾಗ, ಕೊಲೆಯಾದಾಗ, ಇಲ್ಲವೇ ಕಂಠೀರವ ಸ್ಟುಡಿಯೋದಲ್ಲಿ ರಾಜ್‌ಕುಮಾರ್, ಪುನೀತ್ ಸಮಾಧಿಯ ಮುಂದೆ ಜನ ಸೇರಿದಾಗ. ಉಳಿದ ದಿನಗಳಲ್ಲಿ ಇಲ್ಲಿ ಏನು ನಡೆಯುತ್ತದೆಂದು ಬರೆಯಲು ನಾವಿದ್ದೇವೆ. ಬರೆಯುವುದನ್ನೇ ಕಲಿಯುತ್ತಿದ್ದೇವೆ ಕೂಡ. ಇವೆರಡನ್ನೂ ಜೋಡಿಸಿ ಎಂಬುದೇ ನಮ್ಮ ಕೋರಿಕೆ.

1. ಪ್ರಾಯೋಗಿಕ ಪತ್ರಿಕೆ ಓದುಗರ ಕೈಗೆ ಹೋಗಬೇಕು.

ಈಗ ಅದು ಹೇಗೆ ತಯಾರಾಗುತ್ತದೆಂದು ಅಧ್ಯಯನ ಮಂಡಳಿಯ ಸದಸ್ಯರಿಗೆ ತಿಳಿದಿರಲಿ. ಪ್ರಾಕ್ಟಿಕಲ್ ಪರೀಕ್ಷೆಗೆ ವಾರವಿರುವಾಗ ಒಬ್ಬೊಬ್ಬ ವಿದ್ಯಾರ್ಥಿಯೂ ಒಂದೊಂದು ಪತ್ರಿಕೆಗೆ ಸಂಪಾದಕನಾಗುತ್ತಾನೆ. ನಾಲ್ಕು ಪುಟ, ಎ3 ಹಾಳೆ. ಹೆಸರು ಯಾವುದೋ ಒಂದು 'ವಾಣಿ', ಇಲ್ಲದಿದ್ದರೆ 'ಧ್ವನಿ'. ಮೊದಲ ಪುಟಕ್ಕೆ ಮುಖ್ಯಮಂತ್ರಿಯ ಹೇಳಿಕೆ, ಎರಡಕ್ಕೆ ಸಂಪಾದಕೀಯ, ಕೊನೆಯದಕ್ಕೆ ಕ್ರಿಕೆಟ್. ಸುದ್ದಿ ಆ ವಾರದ ದಿನಪತ್ರಿಕೆಗಳಿಂದ ಎತ್ತಿದ್ದು, ಫೋಟೊ ಗೂಗಲ್‌ನಿಂದ ಇಳಿಸಿದ್ದು. ಪುಟ ಕಟ್ಟುವವರು ಕಾಲೇಜಿನ ಎದುರಿನ ಡಿಟಿಪಿ ಅಂಗಡಿಯವರು. ಪ್ರತಿ ಬ್ಯಾಚಿಗೂ ಇಂಥ ಹತ್ತಾರು ಪತ್ರಿಕೆ ಕಟ್ಟಿ ಅವರ ಕೈ ಎಷ್ಟು ಪಳಗಿದೆ ಎಂದರೆ, ಹೋದ ವರ್ಷದವರ ಫೈಲನ್ನೇ ತೆರೆದು, ಮಾಸ್ಟ್‌ಹೆಡ್ಡಿನಲ್ಲಿ ಹೆಸರು ಬದಲಿಸಿ, "ಎಡಿಟೋರಿಯಲ್ ಇದೇ ಇರ್ಲಾ, ಬೇರೆ ಕೊಡ್ತೀರಾ?" ಎಂದು ಕೇಳುತ್ತಾರೆ. "ಇದೇ ಇರ್ಲಿ ಅಣ್ಣ" ಎನ್ನುವವರೇ ಹೆಚ್ಚು. ಮುದ್ರಣ ಒಂದೇ ಪ್ರತಿ. ಪರೀಕ್ಷಕರು ತಿರುವಿ ಹಾಕಿ, ಸಹಿ ಮಾಡಿ, ಅಂಕ ಕೊಟ್ಟು ಊಟಕ್ಕೆ ಹೋಗುತ್ತಾರೆ. ನಮ್ಮ ಮೂರು ವರ್ಷದ ಕಲಿಕೆಗೆ ಕಳಶವಾಗಬೇಕಿದ್ದ ಕೆಲಸದಲ್ಲಿ ನಿಜಕ್ಕೂ ಏನಾದರೂ ಕಲಿತವರಿದ್ದರೆ ಆ ಅಂಗಡಿಯ ಅಣ್ಣ ಒಬ್ಬರೇ.

ನಾವು ಕೇಳುವುದು: ಒಬ್ಬರಿಗೊಂದು ಪತ್ರಿಕೆ ಸಾಕು ಮಾಡಿ, ಇಡೀ ತರಗತಿಗೆ ಒಂದು ಪತ್ರಿಕೆ ಮಾಡಿ. ಹದಿನೈದು ದಿನಕ್ಕೊಂದು ಸಂಚಿಕೆ ಬರಲಿ. ವರದಿಗಾರಿಕೆ, ಡೆಸ್ಕ್, ಛಾಯಾಗ್ರಹಣ, ಪುಟವಿನ್ಯಾಸ, ಕರಡು ತಿದ್ದುವುದು, ಕೊನೆಗೆ ಕಟ್ಟು ಹೊತ್ತು ಹಂಚುವುದು, ಎಲ್ಲವೂ ಸರದಿಯಂತೆ ಎಲ್ಲರ ಪಾಲಿಗೂ ಬರಲಿ. ಕನಿಷ್ಠ 500 ಪ್ರತಿ ಅಚ್ಚಾಗಬೇಕು. ಅವು ಕಾಲೇಜಿನ ಸುತ್ತಿನ ಮನೆಗಳಿಗೆ, ದರ್ಶಿನಿಗಳಿಗೆ, ಸಲೂನ್‌ಗಳಿಗೆ, ಹಂಪಿನಗರದ ಗ್ರಂಥಾಲಯದ ಓದುವ ಕೋಣೆಗೆ ಹೋಗಬೇಕು. ಆಂತರಿಕ ಮೌಲ್ಯಮಾಪನದ ಅಂಕ ಪ್ರಕಟವಾದ ವರದಿಗೆ ಸಿಗಬೇಕು. ತಪ್ಪಿಗೆ ತಿದ್ದುಪಡಿ ಹಾಕಿದವರ ಅಂಕ ಕಡಿಯಬಾರದು. ತಪ್ಪು ಗೊತ್ತಾಗಿಯೂ ಹಾಕದವರ ಅಂಕ ಕಡಿಯಬೇಕು. ದುಡ್ಡಿಲ್ಲ ಎನ್ನಬೇಡಿ. ಬಣ್ಣದ ಎ3 ಪ್ರಿಂಟು, ಡಿಟಿಪಿ ಚಾರ್ಜು, ಸ್ಪೈರಲ್ ಬೈಂಡಿಂಗಿಗೆಂದು ತರಗತಿಯ ಎಲ್ಲರೂ ಈಗ ಸುರಿಯುತ್ತಿರುವುದನ್ನು ಒಟ್ಟುಗೂಡಿಸಿದರೆ ಕಪ್ಪು-ಬಿಳುಪಿನ ಹಲವು ಸಂಚಿಕೆಗಳಿಗೆ ಸಾಕಾಗುತ್ತದೆ.

2. ಕಟಿಂಗ್ ಅಂಟಿಸುವ ರೆಕಾರ್ಡ್ ಬುಕ್ ನಿಲ್ಲಬೇಕು.

ಸುದ್ದಿಯ ತುಂಡು ಕತ್ತರಿಸಿ, ಫೆವಿಕಾಲ್ ಹಚ್ಚಿ, ಕೆಳಗೆ "ಇದು ತಲೆಕೆಳಗಾದ ಪಿರಮಿಡ್ ಶೈಲಿ" ಎಂದು ಬರೆಯುವುದು ಹೈಸ್ಕೂಲಿನ ಕೆಲಸ.

3. ಪ್ರತಿ ವಿದ್ಯಾರ್ಥಿಗೂ ಒಂದು ಬೀಟ್, ಒಂದು ಪರಿಚಯ ಪತ್ರ.

ಎರಡನೇ ವರ್ಷದಿಂದ ಪ್ರತಿಯೊಬ್ಬರಿಗೂ ಒಂದು ವಾರ್ಡ್ ಅಥವಾ ಒಂದು ವಿಷಯ ಹಂಚಿ. ಸರಕು ಬೇಕಾದಷ್ಟಿದೆ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ನಮ್ಮ ವಾರ್ಡುಗಳಿಗೆ ಕಾರ್ಪೊರೇಟರ್ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳಾದವು; ಅದರಲ್ಲೊಂದು ಬೆಂಗಳೂರು ಪಶ್ಚಿಮ. ಕಸದ ದೂರು ಈಗ ಯಾರಿಗೆ ಕೊಡಬೇಕು, ಖಾತೆ ಎಲ್ಲಿ ಮಾಡಿಸಬೇಕು, ನಮ್ಮ ಗಲ್ಲಿಯ ಚರಂಡಿ ಯಾವ ಎಂಜಿನಿಯರ್ ವ್ಯಾಪ್ತಿಗೆ ಬರುತ್ತದೆ ಎಂಬುದು ಬಸವೇಶ್ವರನಗರದ ಎಷ್ಟೋ ಮನೆಗಳ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಿ ಬರೆಯುವ ಕೆಲಸಕ್ಕೆ ಮೂರನೇ ಸೆಮಿಸ್ಟರಿನ ವಿದ್ಯಾರ್ಥಿ ಸಾಕು.

ವೃಷಭಾವತಿಯನ್ನೇ ನೋಡಿ. ಮೈಸೂರು ರಸ್ತೆಯ ಪಕ್ಕದಲ್ಲಿ ನೊರೆ ಹೊತ್ತು ಹರಿದು, ಕೆಂಗೇರಿ ದಾಟಿ, ಬೈರಮಂಗಲ ಕೆರೆ ಸೇರಿ, ಮುಂದೆ ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುವ ಹೊಳೆ ಅದು. ಕಾಲೇಜಿಗೆ ಹೋಗುವಾಗ ಬರುವಾಗ ಅದರ ನಾತ ಕುಡಿಯುತ್ತೇವೆ. ಪರಿಸರ ವರದಿಗಾರಿಕೆಯ ಪ್ರಶ್ನೆಗೆ ಮಾತ್ರ ಭೋಪಾಲ್, ಚೆರ್ನೋಬಿಲ್ ಬರೆದು ಹತ್ತು ಅಂಕ ತೆಗೆಯುತ್ತೇವೆ. ಒಂದು ತರಗತಿ ಒಂದು ವರ್ಷ ಆ ಹೊಳೆಯ ದಂಡೆಯಲ್ಲಿ ಓಡಾಡಿ, ಎಲ್ಲೆಲ್ಲಿ ಯಾವ ಪೈಪು ಬಂದು ಸೇರುತ್ತದೆ ಎಂದು ಗುರುತಿಸಿದರೆ ಅದು ದಿನಪತ್ರಿಕೆಗಳೂ ಕೇಳಿ ಪಡೆಯುವಂಥ ವರದಿಯಾಗುತ್ತದೆ. ಕಾಮಾಕ್ಷಿಪಾಳ್ಯದ ಸಣ್ಣ ವರ್ಕ್‌ಶಾಪುಗಳಲ್ಲಿ ಕೈಬೆರಳು ಕಳೆದುಕೊಂಡವರು, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದ ಕೂತವರು, ಮಾಗಡಿ ರಸ್ತೆಯ ಪಾದಚಾರಿ ದಾರಿ ಎಲ್ಲಿ ಮಾಯವಾಯಿತು ಎಂಬ ಪತ್ತೆ, ಇವೆಲ್ಲ ಇನ್ನೂ ಬಾಕಿ ಇವೆ.

ಇದಕ್ಕೆ ಕಾಲೇಜಿನ ಲೆಟರ್‌ಹೆಡ್ ಮೇಲೆ, ಪ್ರಾಂಶುಪಾಲರ ಸಹಿ ಇರುವ ಪರಿಚಯ ಪತ್ರ ಬೇಕು. ಠಾಣೆಗೆ ಹೋಗಿ ವಿಚಾರಿಸಿದರೆ ಮೊದಲ ಪ್ರಶ್ನೆ "ಯಾವ ಚಾನೆಲ್ಲಮ್ಮಾ?" ಎಂಬುದು. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಅಂತರ್ಜಾಲಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಅದನ್ನು ಬಾಯಲ್ಲಿ ಹೇಳುವುದಕ್ಕಿಂತ ಮೊದಲು ಕೈಯಲ್ಲಿ ಒಂದು ಕಾಗದ ಹಿಡಿದಿದ್ದರೆ ಒಳ್ಳೆಯದು.

4. ಮಾಹಿತಿ ಹಕ್ಕಿನ ಅರ್ಜಿಗೆ ಅಂಕ ಕೊಡಿ.

2005ರ ಕಾಯ್ದೆಯ ಮೇಲೆ ಪ್ರಬಂಧ ಬರೆದವರಿಗೆ ಕೊಡುವ ಅಂಕವನ್ನು ನಿಜವಾಗಿ ಒಂದು ಅರ್ಜಿ ಹಾಕಿದವರಿಗೆ ಕೊಡಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. ಆ 150 ಪದದೊಳಗೆ, ಅಧಿಕಾರಿ ನುಣುಚಿಕೊಳ್ಳಲಾಗದಂತೆ ಪ್ರಶ್ನೆ ಕಟ್ಟುವುದಕ್ಕಿಂತ ಒಳ್ಳೆಯ ಬರವಣಿಗೆಯ ಅಭ್ಯಾಸ ನಮ್ಮ ಪಠ್ಯದಲ್ಲಿ ಎಲ್ಲೂ ಇಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ ಹೋಗುವುದೂ ಪಾಠವೇ.

5. ಕ್ಯಾಮೆರಾ ಬೀರುವಿನಿಂದ ಹೊರಬರಬೇಕು.

ನಮ್ಮ ಕಾಲೇಜುಗಳಲ್ಲಿ ಕ್ಯಾಮೆರಾ ಇಲ್ಲ ಎಂದು ಯಾರೂ ದೂರುತ್ತಿಲ್ಲ. ಇದೆ. ಟ್ರೈಪಾಡ್ ಇದೆ, ಕಾಲರ್ ಮೈಕ್ ಇದೆ, ಕೆಲವು ಕಡೆ ಹಸಿರು ಬಟ್ಟೆ ಹೊದಿಸಿದ ಗೋಡೆಯೂ ಇದೆ. ಸ್ಟಾಕ್ ರಿಜಿಸ್ಟರಿನಲ್ಲಿ ಎಲ್ಲ ಸರಿಯಾಗಿ ನಮೂದಾಗಿದೆ. ಆದರೆ ಆ ಕ್ಯಾಮೆರಾ ಉತ್ಸವಮೂರ್ತಿ. ವಿಶ್ವವಿದ್ಯಾಲಯದ ಸ್ಥಳೀಯ ವಿಚಾರಣಾ ಸಮಿತಿ (ಎಲ್‌ಐಸಿ) ಬಂದ ದಿನ, ಮಾನ್ಯತೆ ಕೊಡುವ ನ್ಯಾಕ್ ತಂಡ ಬಂದ ದಿನ ಮಾತ್ರ ಹೊರಗೆ ದರ್ಶನ. ವಿದ್ಯಾರ್ಥಿ ಕೇಳಿದರೆ "ಕಳೆದರೆ ಯಾರು ಜವಾಬ್ದಾರಿ?" ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವೂ ಇದೆ: ಉಪಕರಣಗಳಿಗೆ ವಿಮೆ ಮಾಡಿಸಿ, ಗ್ರಂಥಾಲಯದ ಪುಸ್ತಕದಂತೆ ಸಹಿ ಹಾಕಿಸಿಕೊಂಡು ಎರಡು ದಿನಕ್ಕೆ ಕೊಡಿ.

ಇನ್ನೊಂದು ಮಾತು. 2023ರ ಜುಲೈನಲ್ಲಿ ಪವರ್ ಟಿವಿ 'ಸೌಂದರ್ಯ' ಎಂಬ ಕೃತಕ ಬುದ್ಧಿಮತ್ತೆಯ ನಿರೂಪಕಿಯನ್ನು ತೆರೆಗೆ ತಂದಿತು. ನಿರೂಪಣೆಯ ತರಬೇತಿ ಎಂದರೆ ಟೆಲಿಪ್ರಾಂಪ್ಟರ್ ನೋಡಿ ತಡವರಿಸದೆ ಓದುವುದು ಎಂದಷ್ಟೇ ಇಟ್ಟುಕೊಂಡರೆ ಆ ಕೆಲಸಕ್ಕೆ ನಮ್ಮ ಅಗತ್ಯವಿಲ್ಲ. ಸ್ಥಳಕ್ಕೆ ಹೋಗಿ ಬೈಟ್ ತರುವುದು, ಬಂದ ವಿಡಿಯೊ ಎಲ್ಲಿಯದು ಯಾವಾಗಿನದು ಎಂದು ಪರಿಶೀಲಿಸುವುದನ್ನು ಕಲಿಸಿ.

6. ಒಂದು ಸಮುದಾಯ ಬಾನುಲಿ.

ಬಾನುಲಿಯ ಚರಿತ್ರೆ ನಮ್ಮ ನಾಡಿನಲ್ಲಿ ಮೇಷ್ಟರೊಬ್ಬರಿಂದಲೇ ಶುರುವಾಯಿತು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 30 ವಾಟ್‌ನ ಪ್ರೇಷಕ ಇಟ್ಟುಕೊಂಡು ಮನೆಯಿಂದಲೇ ಪ್ರಸಾರ ಮಾಡಿದರು. ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ಕೊಟ್ಟಿತು. ಅದಾಗಿ ಕೆಲವು ವರ್ಷಗಳಲ್ಲಿ ಕೇಂದ್ರ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ಬಾನುಲಿ ಪರವಾನಗಿ ಕೊಡಲು ಒಪ್ಪಿತು. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ ಮೊದಲಿಗೆ ಬಾನುಲಿ ಆರಂಭಿಸಿತು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಪರವಾನಗಿಯ ಮಿತಿ 100 ವಾಟ್. ಅಷ್ಟಕ್ಕೇ ಸುತ್ತಿನ ಕೆಲವು ಕಿಲೋಮೀಟರ್ ಕೇಳಿಸುತ್ತದೆ. ಕೆಂಗೇರಿಯಿಂದ ವಿಜಯನಗರದವರೆಗಿನ ಹರವಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ.

ಸಮುದಾಯ ಬಾನುಲಿಯಲ್ಲಿ ನಮ್ಮದೇ ಸುದ್ದಿ ಓದಲು ಅನುಮತಿ ಇಲ್ಲ, ಹಾಗಾಗಿ ಪತ್ರಿಕೋದ್ಯಮಕ್ಕೆ ಅದು ಉಪಯೋಗವಿಲ್ಲ ಎಂಬ ವಾದ ನಮಗೂ ಗೊತ್ತು. ಆದರೆ ನೀರು ಯಾವಾಗ ಬರುತ್ತದೆ, ಕರೆಂಟ್ ಎಲ್ಲಿ ಹೋಗುತ್ತದೆ, ಟ್ರಾಫಿಕ್ ಎಲ್ಲಿ ನಿಂತಿದೆ, ಪರೀಕ್ಷೆ-ಪ್ರವೇಶದ ದಿನಾಂಕ, ಊರಹಬ್ಬ ಇವು ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಅಜ್ಜಿಯರನ್ನು ಕೇಳಿದರೆ ಇದೇ ಸುದ್ದಿ, ಉಳಿದದ್ದು ಬರೀ ಗಲಾಟೆ ಎಂದಾರು. ಒಂದೊಂದು ಕಾಲೇಜಿಗೆ ಒಂದೊಂದು ಕೇಂದ್ರ ಬೇಡ. ಪಶ್ಚಿಮ ಭಾಗದ ಕಾಲೇಜುಗಳೆಲ್ಲ ಸೇರಿ ಸರದಿಯಲ್ಲಿ ನಡೆಸುವ ಒಂದು ಕೇಂದ್ರಕ್ಕೆ ಅರ್ಜಿ ಹಾಕಿ, ಮೊದಲ ಐದು ವರ್ಷ ಇಲಾಖೆ ಅದರ ಖರ್ಚು ಹೊರಲಿ.

7. ಇಂಟರ್ನ್‌ಶಿಪ್ ಎಂದರೆ ಪುಕ್ಕಟೆ ಚಾಕರಿ ಆಗಬಾರದು.

ಚಾನೆಲ್ ಒಂದಕ್ಕೆ ಇಂಟರ್ನ್ ಆಗಿ ಹೋದವರ ದಿನಚರಿ ಹೀಗೆ. ಬೆಳಿಗ್ಗೆ ಆರರ ಶಿಫ್ಟ್. ಹಿಂದಿನ ರಾತ್ರಿಯ ಪತ್ರಿಕಾಗೋಷ್ಠಿಯ ರೆಕಾರ್ಡಿಂಗ್ ಹಾಕಿಕೊಂಡು, ಯಾವ ನಿಮಿಷದಲ್ಲಿ ಯಾರು ಏನೆಂದರು ಎಂದು ಟೈಪ್ ಮಾಡುವುದು. ಹತ್ತಕ್ಕೆ ಯಾರೋ ಬಂದು "ನೀನು ಸ್ಕ್ರೋಲ್ ನೋಡ್ಕೋ" ಎಂದರೆ ಪರದೆಯ ಕೆಳಗೆ ಹರಿಯುವ ಸಾಲು. ಅಲ್ಲಿ ಒಂದು ಅಕ್ಷರ ತಪ್ಪಾದರೆ ಇಡೀ ನ್ಯೂಸ್‌ರೂಮಿಗೆ ಕೇಳುವಂತೆ ಬೈಗುಳ, ಸರಿಯಿದ್ದರೆ ಮಾತಿಲ್ಲ. ವರದಿಗಾರರ ಜೊತೆ ಹೊರಗೆ ಹೋಗಲು ಗಾಡಿಯಲ್ಲಿ ಜಾಗವಿಲ್ಲ. ಎರಡು ತಿಂಗಳ ಕೊನೆಗೆ "ಟು ಹೂಮ್ಸೋಎವರ್" ಎಂಬ ಸರ್ಟಿಫಿಕೇಟು. ಅದನ್ನೂ ನಾವೇ ಟೈಪ್ ಮಾಡಿ ಸಹಿಗೆ ಇಡಬೇಕು. ಸಂಬಳದ ಮಾತು ಎತ್ತಿದರೆ "ಎಕ್ಸ್‌ಪೋಷರ್ ಸಿಗ್ತಿದೆಯಲ್ಲ" ಎನ್ನುತ್ತಾರೆ. ಎಕ್ಸ್‌ಪೋಷರ್ ತೋರಿಸಿದರೆ ಬಿಎಂಟಿಸಿ ಕಂಡಕ್ಟರ್ ಟಿಕೆಟ್ ಹರಿಯುವುದಿಲ್ಲ.

ಎಂಜಿನಿಯರಿಂಗ್ ಮುಗಿಸಿದವರು ಪೀಣ್ಯದ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆದರೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ಕೊಡಬೇಕೆಂದು 2019ರ ನಿಯಮ ಹೇಳಿತು. ಸುದ್ದಿಮನೆಯ ಎರಡು ತಿಂಗಳಿಗೆ ಅದೇ ಮಟ್ಟದ ಸ್ಟೈಪೆಂಡ್ ಬೇಕು. ಸರ್ಕಾರದ ಜಾಹೀರಾತು ಪಡೆಯುವ ಸಂಸ್ಥೆಗಳಿಗೆ ಇದನ್ನು ಷರತ್ತಾಗಿ ಹಾಕಲು ವಾರ್ತಾ ಇಲಾಖೆಗೆ ಒಂದು ಸುತ್ತೋಲೆ ಸಾಕು. ಜೊತೆಗೆ: ವಾರದಲ್ಲಿ ಕನಿಷ್ಠ ಎರಡು ದಿನ ಹೊರಗಿನ ವರದಿಗಾರಿಕೆ; ನಾವು ಬರೆದದ್ದಕ್ಕೆ ನಮ್ಮ ಬೈಲೈನ್; ರಾತ್ರಿ ಎಂಟರ ನಂತರ ಕೆಲಸವಿದ್ದರೆ ಮನೆಯವರೆಗೆ ವಾಹನ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ತರಬೇತಿಗೆ ಬಂದವರನ್ನೂ ಉದ್ಯೋಗಿ ಎಂದೇ ಪರಿಗಣಿಸುತ್ತದೆ. ಆಂತರಿಕ ದೂರು ಸಮಿತಿಯ ಸದಸ್ಯರು ಯಾರು ಎಂದು ಮೊದಲ ದಿನವೇ ಲಿಖಿತವಾಗಿ ತಿಳಿಸಬೇಕು, ಹಾಗೆ ತಿಳಿಸದ ಸಂಸ್ಥೆಗೆ ಕಾಲೇಜು ವಿದ್ಯಾರ್ಥಿನಿಯರನ್ನು ಕಳುಹಿಸಕೂಡದು.

8. ಮಾಧ್ಯಮ ಕಾನೂನಿನ ನೋಟ್ಸ್ ಬದಲಾಗಲಿ.

ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ನೋಟ್ಸಿನಲ್ಲಿ ಮಾನನಷ್ಟ ಇನ್ನೂ ಐಪಿಸಿ 499. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 356. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಹಿರಂಗಪಡಿಸುವುದನ್ನು ತಡೆಯುವ 228ಎ ಈಗ 72ನೇ ಕಲಮು. ಪತ್ರಿಕೆಗಳ ನೋಂದಣಿಯ 1867ರ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ ಬಂದಿದೆ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ 2025ರ ನವೆಂಬರ್‌ನಲ್ಲಿ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿ ಕರಗಿತು. ಈ ವಿಷಯವನ್ನು ವಕೀಲಿ ಮಾಡುವವರಿಂದ ಪಾಠ ಮಾಡಿಸಿ. ನಾಗರಬಾವಿಯಲ್ಲಿ ದೇಶದ ಹೆಸರಾಂತ ಕಾನೂನು ಶಾಲೆಯೇ ಇದೆ. ಜ್ಞಾನಭಾರತಿಯಿಂದ ನಡೆದೇ ಹೋಗಬಹುದಾದ ದೂರ. ವರ್ಷಕ್ಕೆ ನಾಲ್ಕು ಜಂಟಿ ತರಗತಿ ನಡೆಸಲು ಅಡ್ಡಿ ಏನು? ಸೆಮಿಸ್ಟರಿಗೆ ಎರಡು ದಿನವಾದರೂ ನ್ಯಾಯಾಲಯದ ಕಲಾಪದಲ್ಲಿ ಕೂತು ವರದಿ ಬರೆಸಿ.

9. ಕನ್ನಡದ ಪಠ್ಯ, ಕನ್ನಡದ ಉದಾಹರಣೆ.

ಅಜೆಂಡಾ ಸೆಟ್ಟಿಂಗ್ ಸಿದ್ಧಾಂತ ಕೇಳಿದರೆ 1968ರ ಅಮೆರಿಕ ಚುನಾವಣೆಯಲ್ಲಿ ಚಾಪೆಲ್ ಹಿಲ್ ಎಂಬ ಊರಿನ ಮತದಾರರು ಏನೆಂದರು ಎಂದು ನಾವು ಒಂದೇ ಉಸಿರಿಗೆ ಹೇಳುತ್ತೇವೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹಳ್ಳಿಯ ಜನ ಕೇಬಲ್ ಎಳೆದು 'ನಮ್ಮ ಧ್ವನಿ' ನಡೆಸಿದ್ದು ಬಹಳಷ್ಟು ಮಂದಿಗೆ ಗೊತ್ತಿಲ್ಲ. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ಪಾಠ ಕಳುಹಿಸಿದ ಸೈಟ್ ಪ್ರಯೋಗ ಆರು ರಾಜ್ಯಗಳಲ್ಲಿ ನಡೆಯಿತು. ಅದರಲ್ಲಿ ಕಲಬುರಗಿ, ರಾಯಚೂರು, ವಿಜಯಪುರದ ಹಳ್ಳಿಗಳೂ ಇದ್ದವು. ಅಭಿವೃದ್ಧಿ ಸಂವಹನ ಎಂಬ ಅಧ್ಯಾಯಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ? ಜಾಹೀರಾತನ್ನೇ ನೆಚ್ಚದೆ ಓದುಗರ ಕಾಸಿನಿಂದ ನಡೆದ ಲಂಕೇಶ್ ಪತ್ರಿಕೆಯ ಲೆಕ್ಕಾಚಾರ ಮಾಧ್ಯಮ ನಿರ್ವಹಣೆಯ ಪಾಠವಾಗಬೇಕಿತ್ತು. 1843ರ ಜುಲೈ 1ರ ಮಂಗಳೂರು ಸಮಾಚಾರ, ಹರ್ಮನ್ ಮೋಗ್ಲಿಂಗ್ ಎಂದು ಒಂದು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡುತ್ತೇವೆ. ಕಲ್ಲಚ್ಚಿನಲ್ಲಿ ಪತ್ರಿಕೆ ತೆಗೆಯುವುದೆಂದರೇನು ಎಂದು ಯಾರೂ ತೋರಿಸಿಲ್ಲ.

ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಮತ್ತು ಮಾಧ್ಯಮ ಅಕಾಡೆಮಿ ಸೇರಿ ಎರಡು ವರ್ಷದೊಳಗೆ ಪ್ರತಿ ವಿಷಯಕ್ಕೂ ಒಂದು ಕನ್ನಡ ಪಠ್ಯ ತರಬೇಕು. ಅನುವಾದ ಬೇಡ. ನ್ಯೂಸ್‌ರೂಮಿನಲ್ಲಿ ಇಪ್ಪತ್ತು ವರ್ಷ ಕಳೆದವರಿಂದ ಬರೆಸಿ, ಅವರಿಗೆ ಸರಿಯಾದ ಸಂಭಾವನೆ ಕೊಡಿ. ಹಳೆಯ ಕನ್ನಡ ಪತ್ರಿಕೆಗಳ ಸಂಪುಟಗಳನ್ನು ಸ್ಕ್ಯಾನ್ ಮಾಡಿ ಹಂಪಿನಗರ ಗ್ರಂಥಾಲಯದಲ್ಲಿ ಒಂದು ಕಂಪ್ಯೂಟರಿನಲ್ಲಾದರೂ ಇಡಿ. ಅಲ್ಲಿನ ಕುರ್ಚಿಗಳು ಕೆಎಎಸ್, ಪಿಡಿಒ ಪರೀಕ್ಷೆಗೆ ಓದುವವರಿಂದ ಬೆಳಿಗ್ಗೆಯೇ ತುಂಬಿರುತ್ತವೆ, ನಿಜ. ನಾವು ನಿಂತೇ ಓದುತ್ತೇವೆ.

10. ಯೂನಿಕೋಡ್ ಕಲಿಸಿ.

ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಿಂದ ಕನ್ನಡ ಟೈಪಿಂಗ್ ಸಲೀಸಾಗಿದೆ. ಆದರೆ ಹಳೆಯ ಎನ್‌ಕೋಡಿಂಗಿನ ಅಕ್ಷರಗಳಲ್ಲಿ ಪುಟ ಕಟ್ಟುವ ಕಡೆ ಟೈಪ್ ಮಾಡಿದ್ದನ್ನು ಮೊಬೈಲಿಗೆ ಹಾಕಿದರೆ ಬರೀ ಗೀಚು. ಎರಡೂ ಪದ್ಧತಿ, ಒಂದರಿಂದ ಇನ್ನೊಂದಕ್ಕೆ ಪರಿವರ್ತನೆ, ಒತ್ತಕ್ಷರ ಒಡೆಯದಂತೆ ಪುಟ ಕಟ್ಟುವುದು, ಇದು ಮೊದಲ ಸೆಮಿಸ್ಟರಿನ ಪಾಠವಾಗಲಿ. ಕೆಲಸ ಕೇಳಿಕೊಂಡು ಹೋದ ಕಡೆ ಮೊದಲು ಪರೀಕ್ಷಿಸುವುದು ಇದನ್ನೇ.

11. ನಮ್ಮ ಮೇಷ್ಟ್ರಿಗೆ ನೌಕರಿಯ ಭದ್ರತೆ ಕೊಡಿ.

ಪತ್ರಿಕೋದ್ಯಮ ವಿಭಾಗ ಎಂದರೆ ಹಲವು ಕಾಲೇಜುಗಳಲ್ಲಿ ಒಬ್ಬರೇ ಒಬ್ಬರು, ಅದೂ ಅತಿಥಿ ಉಪನ್ಯಾಸಕರು. ಸೆಮಿಸ್ಟರ್ ಶುರುವಾಗಿ ವಾರಗಳಾದ ಮೇಲೆ ಅವರ ನೇಮಕದ ಪಟ್ಟಿ ಬರುತ್ತದೆ. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ತಿಳಿಯದವರು ಪತ್ರಿಕೆಯೊಂದನ್ನು ವರ್ಷಾನುವರ್ಷ ನಡೆಸುವ ಹೊಣೆ ಹೇಗೆ ಹೊತ್ತಾರು? ಪ್ರತಿ ವಿಭಾಗಕ್ಕೂ ಕನಿಷ್ಠ ಇಬ್ಬರು ಕಾಯಂ ಅಧ್ಯಾಪಕರು ಬೇಕು. ಅವರಲ್ಲೊಬ್ಬರಾದರೂ ಸುದ್ದಿಮನೆಯಲ್ಲಿ ದುಡಿದಿರಬೇಕು.

12. ಪಠ್ಯಕ್ರಮವನ್ನು ಐದು ವರ್ಷವಾದರೂ ಮುಟ್ಟಬೇಡಿ.

2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರಾಯಿತು. ನಡುವೆ ಸೇರಿದವರು ಸೀನಿಯರ್‌ಗಳ ನೋಟ್ಸ್ ಪಡೆಯುವ ಸುಖವನ್ನೂ ಕಳೆದುಕೊಂಡರು.

13. ಮೆಟ್ರೊದಲ್ಲಿ ವಿದ್ಯಾರ್ಥಿ ಪಾಸ್.

ರಾಜಾಜಿನಗರದಿಂದ ಜ್ಞಾನಭಾರತಿಗೆ ಹೋಗುವವರು ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ನೇರಳೆ ಮಾರ್ಗ ಹಿಡಿಯಬೇಕು. 2025ರ ಫೆಬ್ರುವರಿಯಲ್ಲಿ ದರ ಏರಿ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿ ಆಯಿತು. ಪುಣೆ, ನಾಗಪುರದ ಮೆಟ್ರೊಗಳಲ್ಲಿ ವಿದ್ಯಾರ್ಥಿಗಳಿಗೆ ರಿಯಾಯಿತಿ ಉಂಟು. ಇಲ್ಲೂ ಬೇಕು. ಇದು ಪತ್ರಿಕೋದ್ಯಮದವರ ಬೇಡಿಕೆಯಷ್ಟೇ ಅಲ್ಲ, ಆದರೂ ಬೀಟ್ ಸುತ್ತಬೇಕಾದವರಿಗೆ ಒಂದು ಕೈ ಹೆಚ್ಚೇ ಬೇಕು.

14. ಬರೆದದ್ದಕ್ಕೆ ಟಿಸಿ ಕೊಡಬಾರದು.

ಮೊದಲ ಬೇಡಿಕೆ ಈಡೇರಿದ ದಿನವೇ ಈ ಪ್ರಶ್ನೆ ಏಳುತ್ತದೆ. ತರಗತಿಯ ಪತ್ರಿಕೆಯಲ್ಲಿ ಕ್ಯಾಂಟೀನಿನ ಸಾಂಬಾರಿನ ಬಗ್ಗೆ ಬರೆದರೆ ನಗು, ಹಾಸ್ಟೆಲ್ ಶುಲ್ಕದ ಲೆಕ್ಕ ಕೇಳಿದರೆ ಪ್ರಾಂಶುಪಾಲರ ಕೋಣೆಗೆ ಕರೆ, ಶಾಸಕರ ಹೆಸರು ಬಂದರೆ ಮನೆಗೆ ಫೋನ್. 2022ರ ಅಕ್ಟೋಬರ್‌ನಲ್ಲಿ ಜ್ಞಾನಭಾರತಿ ಆವರಣದೊಳಗೇ ವಿದ್ಯಾರ್ಥಿನಿಯೊಬ್ಬರು ಬಸ್ಸಿಗೆ ಸಿಕ್ಕಾಗ, ಹೊರಗಿನ ವಾಹನಗಳನ್ನು ತಡೆಯಿರಿ ಎಂದು ವಿದ್ಯಾರ್ಥಿಗಳು ರಸ್ತೆಗಿಳಿದರು. ಇಂಥ ಘಟನೆ ನಡೆದಾಗ ಪತ್ರಿಕೋದ್ಯಮದ ವಿದ್ಯಾರ್ಥಿ ಘೋಷಣೆ ಕೂಗಲೂಬಹುದು, ನೋಟ್‌ಬುಕ್ ಹಿಡಿದು ಎರಡೂ ಕಡೆಯವರನ್ನು ಪ್ರಶ್ನಿಸಲೂಬಹುದು. ಎರಡನೆಯದನ್ನು ಮಾಡಿದವರಿಗೆ ಆಡಳಿತದಿಂದ ತೊಂದರೆಯಾಗಬಾರದು.

ಪ್ರತಿ ಕಾಲೇಜಿನ ಪತ್ರಿಕೆಗೂ ಒಬ್ಬ ಅಧ್ಯಾಪಕರು, ಹೊರಗಿನ ಒಬ್ಬ ಪತ್ರಕರ್ತರು, ಇಬ್ಬರು ವಿದ್ಯಾರ್ಥಿಗಳಿರುವ ಸಂಪಾದಕೀಯ ಸಮಿತಿ ಇರಲಿ. ಏನು ಅಚ್ಚಾಗಬೇಕು ಎಂಬುದು ಆ ಸಮಿತಿಯ ತೀರ್ಮಾನ. ವರದಿಯಲ್ಲಿ ಹೆಸರು ಬಂದವರ ಉತ್ತರಕ್ಕೆ ಅಷ್ಟೇ ಜಾಗ ಕೊಡುವುದು ನಮ್ಮ ಹೊಣೆ. ವರದಿ ತಪ್ಪೆಂದು ಯಾರಾದರೂ ದೂರು ಕೊಟ್ಟರೆ ವಿಚಾರಣೆ ಆ ಸಮಿತಿಯಲ್ಲೇ ನಡೆಯಲಿ. ಹಾಜರಾತಿ ಕಡಿಯುವುದು, ಹಾಲ್ ಟಿಕೆಟ್ ತಡೆಯುವುದು, ಪೋಷಕರನ್ನು ಕರೆಸಿ ಕೂರಿಸುವುದು ಬೇಡ. ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರ ರಾತ್ರಿ ಗುಂಡಿಟ್ಟು ಕೊಂದದ್ದು ರಾಜರಾಜೇಶ್ವರಿನಗರದ ಅವರ ಮನೆಯ ಬಾಗಿಲಲ್ಲಿ, ನಾವು ಓದುವ ಜಾಗದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ. ಈ ಕೋರ್ಸಿಗೆ ಸೇರುತ್ತೇನೆ ಎಂದಾಗ ನಮ್ಮಲ್ಲಿ ಅನೇಕರ ಮನೆಗಳಲ್ಲಿ ಮೊದಲು ಎದ್ದ ಮಾತು ಅದೇ. ಅಪಾಯವನ್ನು ಅಳೆಯುವುದು, ಬೆದರಿಕೆಯ ಕರೆ ಬಂದರೆ ಯಾರಿಗೆ ಹೇಳುವುದು, ಮೂಲಗಳ ಗುರುತು ಹೇಗೆ ಕಾಪಾಡುವುದು, ಇವು ಪಠ್ಯದಲ್ಲಿ ಬರಬೇಕು. ಒಂದು ದಿನದ ಅತಿಥಿ ಉಪನ್ಯಾಸದಲ್ಲಿ ಮುಗಿಯುವ ವಿಷಯವಲ್ಲ.

ಕೊನೆಯದಾಗಿ, ವ್ಯವಹಾರದ ಮಾತು. ಈ ಹದಿನಾಲ್ಕರಲ್ಲಿ ದುಡ್ಡು ಬೇಕಾದವು 5, 6, 7, 9, 11 ಮತ್ತು 13. ಅವಕ್ಕೆ ಬಜೆಟ್ ಬೇಕು, ಸಮಯ ಹಿಡಿಯುತ್ತದೆ ಎಂದು ಗೊತ್ತಿದೆ. ಉಳಿದವಕ್ಕೆ ಅಧ್ಯಯನ ಮಂಡಳಿಯ ಒಂದು ಸಭೆ, ಪ್ರಾಂಶುಪಾಲರ ಒಂದು ಸಹಿ ಸಾಕು. ಉತ್ತರವನ್ನು ಬೇಡಿಕೆವಾರು, ಲಿಖಿತವಾಗಿ, ಕನ್ನಡದಲ್ಲಿ, ಜುಲೈ 1ರ ಪತ್ರಿಕಾ ದಿನಾಚರಣೆಯೊಳಗೆ ಕೊಡಬೇಕು. "ಪರಿಶೀಲನೆಯಲ್ಲಿದೆ" ಎಂಬುದನ್ನು ಉತ್ತರವೆಂದು ನಾವು ಎಣಿಸುವುದಿಲ್ಲ. ಆ ವಾರ ನಮ್ಮ ಮೊದಲ ಸಂಚಿಕೆ ಹೇಗಾದರೂ ಬರುತ್ತದೆ; ಅಚ್ಚಿನ ಖರ್ಚಿಗೆ ಚಂದಾ ಎತ್ತುತ್ತಿದ್ದೇವೆ. ಯಾರು ಯಾವ ಬೇಡಿಕೆಗೆ ಏನು ಉತ್ತರ ಕೊಟ್ಟರು, ಯಾರು ಕೊಡಲಿಲ್ಲ ಎಂಬುದೇ ಅದರ ಮುಖಪುಟ ವರದಿ. ನಿಮ್ಮ ಪ್ರತಿಕ್ರಿಯೆ ಪಡೆಯಲು ನಮ್ಮ ವರದಿಗಾರರು ಜೂನ್ ಕೊನೆಯ ವಾರ ನಿಮ್ಮ ಕಚೇರಿಗೆ ಬರುತ್ತಾರೆ.